ಮಂದಿ ಸ್ಪಂಜು ನಮ್ಮ ಮಾರಿಗೆ ಯಾಕ?

ನಮ್ಮ ಕಡೆ ಹೆಣ್ಣಮಕ್ಕಳ ಶಿಸ್ತು ನಿಮಗ ಗೊತ್ತೇ ಅದ. ನೀರಿನ ತಂಬಿಗಿ ಎತ್ತಿ ಕುಡೀತೀವಿ, ತುಟಿಗೆ ಹಚ್ಚೂದಿಲ್ಲ. ಉಂಡ ತಾಟಿನೊಳಗಿನ ಚಮಚಾ ಪಲ್ಯಾದ ಪಾತೇಲಿಗೆ ಬಿತ್ತಂದ್ರ ಆ ಪಲ್ಯಾನಽ ಬ್ಯಾರೆ ತಗದಿಡ್ತೀವಿ. ಮಂದಿ ಹಣಗಿಲೆ ತಲಿ ಹಿಕ್ಕೋಳೂದಿಲ್ಲ, ಮಂದಿ ಟಾವೆಲ್ಲಿಗೆ ಮಾರಿ ಒರಸೂದಿಲ್ಲ. ಉಪ್ಪಿನಕಾಯಿ ಭರಣಿಯೊಳಗ ಹಸಿ ಚಮಚಾ ಹಾಕಿದ ಸೊಸಿ ವರ್ಷಗಟ್ಟಲೆ ಅನ್ನಿಸಿಕೋಬೇಕಾಗ್ತದ.

ಇಂಥಾ ನಾವು, ಮದುವಿ ಕಾರ್ಯಾಲಯದಾಗ ಮೇಕಪ್ ಮಾಡೂ ಖೋಲಿ ಹೊಕ್ಕಕೂಡ್ಲೆ ಎಲ್ಲಾ ಮರತಬಿಡ್ತೀವಿ. ಕಣ್ಣ ಮುಚ್ಚಿ, ಗದ್ದ ಮ್ಯಾಲೆತ್ತಿ ಕೂತಬಿಡ್ತೀವಿ. ಹತ್ತ ಮಂದಿ ಮಾರಿ ಒರಸಿದ ಸ್ಪಂಜು ನಮ್ಮ ಗಲ್ಲದ ಮ್ಯಾಲೆ ಓಡ್ಯಾಡ್ತದ. "ಇದನ್ನ ತೊಳದದ್ದು ಯಾವಾಗವಾ?" ಅಂತ ಒಬ್ಬಾಕಿನೂ ಕೇಳೂದಿಲ್ಲ.

ನಾನೂ ಕೇಳಲಿಲ್ಲ. ಅದಕ್ಕಽ ಇವತ್ತ ಇದನ್ನ ಬರೀಲಿಕತ್ತೇನಿ.

ಹ್ವಾದ ವೈಶಾಖದಾಗ ನಮ್ಮಕ್ಕನ ಮಗಳ ಮದುವಿ ಆತು. ನಿಮ್ಮೊಳಗ ಭಾಳ ಮಂದಿ ಬಂದು ಉಂಡು ಹೋಗೀರಿ. ಮುಂಜಾನೆ ಐದಕ್ಕ ಮೇಕಪ್ ಮಾಡಾಕಿ ಬಂದ್ಲು. "ಇನ್ನೊಂದು ಕಾರ್ಯಾಲಯದಾಗ ಮದುಮಗಳನ್ನ ತಯಾರ ಮಾಡಿ ಸೀದಾ ಇಲ್ಲೇ ಬಂದೀನ್ರಿ" ಅಂತ ಅಭಿಮಾನಲೆ ಹೇಳಿದ್ಲು. ಪೆಟ್ಟಿಗಿ ತಗದ್ಲು. ಒಳಗ ತತ್ತಿ ಆಕಾರದ್ದೊಂದು ಸ್ಪಂಜು. ಅದು ಒಂದು ಕಾಲಕ್ಕ ಗುಲಾಬಿ ಬಣ್ಣದ್ದು ಇದ್ದಿರಬೇಕು. ನಾ ನೋಡೂ ಹೊತ್ತಿಗೆ ಚಹಾ ಸೋಸೂ ಅರಿವಿ ಹಂಗ ಆಗಿತ್ತು. ನಳದ ನೀರಾಗ ಅದನ್ನ ಹಿಂಡಿದ್ಲು, ಶುರು ಮಾಡಿದ್ಲು. ಮೊದಲ ಮದುಮಗಳು, ಆಮ್ಯಾಲೆ ನಮ್ಮಕ್ಕ, ಆಮ್ಯಾಲೆ ನಾನು, ನನ್ನ ಹಿಂದ ಬೀಗರ ಕಡೆಯ ಇಬ್ಬರು, ಕಡೀಕ ನೆಗಡಿ ಆಗಿ ಮೂಗ ಒರಸಿಕೋತ ಕೂತಿದ್ದ ಒಂದು ಹುಡುಗಿ. ನಡಬರಕ ನಾಲ್ಕ ಸಲ "ಇಲ್ಲೊಂದೀಟ ಹಚ್ಚವಾ" ಅಂತ ಮತ್ತ ಮದುಮಗಳ ಮಾರಿಗೆ. ಅದಽ ಸ್ಪಂಜು.

ನಾ ಕಣ್ಣಾರೆ ನೋಡಿದೆ. ಸುಮ್ಮನ ಕೂತೆ. ಮದುವಿ ಮನ್ಯಾಗ ಎದಕ್ಕ ಮಾತ ತಗೀಬೇಕು, ಬೀಗರ ಮುಂದ ಎದಕ್ಕ ಅಪಶಕುನ ಆಡಬೇಕು ಅಂತ.

ನಾಲ್ಕನೇ ದಿನ ಬೀಗರ ಮನ್ಯಾಗ ಸತ್ಯನಾರಾಯಣ ಪೂಜಾ. ಆ ಹೊತ್ತಿಗೆ ಹುಡುಗಿ ಎರಡೂ ಗಲ್ಲಕ್ಕ, ಗದ್ದಕ್ಕ ಸಣ್ಣ ಸಣ್ಣ ಕೀವಿನ ಗುಳ್ಳಿ ಎದ್ದಿದ್ದವು. ಆಕಿ ಅತ್ತಿ ಕೆಟ್ಟಾಕೆಲ್ಲ, ಆದ್ರೂ ಕೇಳಿದ್ಲಂತ: "ಮೊದಲಿಂದನೂ ಹಿಂಗಽ ಇತ್ತೇನವಾ? ನಾವು ನೋಡಲಿಕ್ಕೆ ಬಂದಾಗ ಬಣ್ಣ ಹಚ್ಚಿ ಮುಚ್ಚಿದ್ದಿರೇನು?" ಹುಡುಗಿ ಫೋನ್ ಹಚ್ಚಿ ಅಕ್ಕನ ಮುಂದ ಬಿಕ್ಕಿ ಬಿಕ್ಕಿ ಅತ್ತಳು. ಚರ್ಮದ ಡಾಕ್ಟರ್ ಕಡೆ ಕರಕೊಂಡು ಹೋದ್ವಿ. ಕೂದಲಿನ ಬುಡಕ್ಕ ಸೋಂಕು ತಗಲೇದ, ಫಾಲಿಕ್ಯುಲೈಟಿಸ್ ಅಂತಾರ ಅಂದ್ರು. ಹಚ್ಚಲಿಕ್ಕೆ ಮುಲಾಮು ಬರಕೊಟ್ರು. ಅವರು ಕೇಳಿದ ಮೊದಲನೇ ಮಾತು ಏನು ಗೊತ್ತೇನು? "ಮದುವ್ಯಾಗ ಹಚ್ಚಿದ ಸ್ಪಂಜು ಯಾರದು?"

ಡಾಕ್ಟರ್ ನ್ಯಾಯದ ಮನಷಾ. "ಸ್ಪಂಜಿನಿಂದನಽ ಆತು ಅಂತ ನಾ ಖಾತ್ರಿ ಕೊಡೂದಿಲ್ಲ. ಬ್ಯಾಸಗಿ ಬೆವರು, ನಿದ್ದಿಗೇಡು, ಹೊಸಾ ಕ್ರೀಮು ಎಲ್ಲಾ ಕೂಡೇ ಇರ್ತದ. ಆದ್ರ ಮದುವಿ ಸೀಜನ್ನಿನಾಗ ಇಂಥಾವರು ಬಂದ್ರ ನನಗ ಆಶ್ಚರ್ಯ ಆಗೂದಿಲ್ಲ" ಅಂದ್ರು. ಆ ಗುಳ್ಳಿ ಹೋದವು, ಕಲಿನೂ ಎರಡು ತಿಂಗಳದಾಗ ಮಾಸಿದವು. ಅತ್ತಿ ಕೇಳಿದ ಆ ಪ್ರಶ್ನೆ ಮಾತ್ರ ಹುಡುಗಿ ಮನಸಿನ್ಯಾಗಿಂದ ಇನ್ನೂ ಹೋಗಿಲ್ಲ.

ಹಿಂಗಾಗಿ ನನ್ನ ಮಾತು ಇಷ್ಟಽ. ಫೌಂಡೇಶನ್ ಯಾವ ಕಂಪನೀದು ಅಂತ ನಾವು ತಾಸುಗಟ್ಟಲೆ ಮಾತಾಡ್ತೀವಿ. ಅದನ್ನ ಎದರಿಲೆ ಹಚ್ಚತಾರ, ಆ ಸಾಮಾನು ಯಾರದು ಅಂತ ಒಂದು ಮಾತೂ ಆಡೂದಿಲ್ಲ. ಮಾರಿಗೆ ಮುಟ್ಟೂದು ಬಾಟ್ಲಿ ಅಲ್ಲ, ಆ ಸಾಮಾನು. ಒಂದು ಮಾರಿಗೆ ಒಂದು ಸ್ಪಂಜು. ಅದಿಲ್ಲಂದ್ರ ತೊಳದ ಕೈಬೆರಳು. ಇದರೊಳಗ ರಾಜೀ ಇಲ್ಲ.

ಹಿರೇರು ಕೆಲವರಿಗೆ ಫೌಂಡೇಶನ್ ಅಂದ್ರೇನು ಅಂತ ಗೊತ್ತಿರಲಿಕ್ಕಿಲ್ಲ. ಮನಿಗೆ ಪಾಯಾ ಇದ್ದಂಗ, ಉಳದ ಬಣ್ಣಾ ಹಚ್ಚೂಕಿಂತ ಮೊದಲ ಇಡೀ ಮಾರಿಗೆ ಹಚ್ಚೂದು. ನಮ್ಮ ಚರ್ಮದ ಬಣ್ಣದ್ದಽ ಇರ್ತದ. ಕಲಿ, ಕಣ್ಣಿನ ಕೆಳಗಿನ ಕಪ್ಪು ಎಲ್ಲಾ ಒಂದು ಸಮಾ ಕಾಣೂಹಂಗ ಮಾಡ್ತದ. ನೀರಿನಂಥಾದ್ದು ಬರ್ತದ, ಬೆಣ್ಣಿಯಂಥಾ ಗಟ್ಟಿ ಕ್ರೀಮು ಬರ್ತದ, ಪೌಡರಿನದೂ ಬರ್ತದ. ಹಚ್ಚಲಿಕ್ಕೆ ಮೂರು ದಾರಿ: ಬೆರಳು, ಸ್ಪಂಜು, ಬ್ರಶ್ಶು.

ಇದನ್ನ ಓದಿ "ನೋಡ್ರಿ, ಇಕೀಗೆ ಮಡಿ ಹುಚ್ಚು, ಸ್ಪಂಜಿಗೂ ಎಂಜಲಾ ಮೈಲಿಗಿ ಹಚ್ಚಲಿಕತ್ತಾಳ" ಅನ್ನೋರಿದ್ದೀರಿ. ಇದು ಮಡಿ ಮಾತಲ್ಲ. ಯಾರು ಮುಟ್ಟಿದ್ರು ಅನ್ನೂದು ನನ್ನ ಪ್ರಶ್ನೆ ಅಲ್ಲ. ನನ್ನ ಖಾಸಾ ತಂಗಿ ಹಚ್ಚಿಕೊಂಡ ಸ್ಪಂಜೂ ನನಗ ಬ್ಯಾಡ, ನಂದು ಆಕೀಗೂ ಬ್ಯಾಡ. ಮಡಿ ಉಟ್ಟಾಕಿ ಚರ್ಮದ ಮ್ಯಾಲೂ ಕ್ರಿಮಿ ಇರ್ತಾವ. ನನ್ನ ಮಗಳು ಇದರ ಸಲುವಾಗಿ ಒಂದು ಅಧ್ಯಯನ ಹುಡುಕಿ ಓದಿ ಹೇಳಿದ್ಲು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ್ಯಾಗ ಆಸ್ಟನ್ ವಿಶ್ವವಿದ್ಯಾಲಯ ಅಂತ ಅದ. ಅಲ್ಲಿಯವರು ಮಂದಿ ಬಳಸಿದ 467 ಮೇಕಪ್ ಸಾಮಾನು, ಅಂದ್ರ ಲಿಪ್‌ಸ್ಟಿಕ್, ಲಿಪ್ ಗ್ಲಾಸ್, ಐಲೈನರ್, ಮಸ್ಕಾರಾ, ಈ ತತ್ತಿ ಸ್ಪಂಜು ಎಲ್ಲಾ ತರಿಸಿ ಪರೀಕ್ಷಾ ಮಾಡಿದ್ರು. 2019ರಾಗ ಅದು ಪ್ರಕಟ ಆತು. ಹತ್ತರಾಗ ಸುಮಾರು ಒಂಬತ್ತರೊಳಗ ಬ್ಯಾಕ್ಟೀರಿಯಾ ಇದ್ದವು. ಎಲ್ಲಾದಕ್ಕಿಂತ ಹೊಲಸು ಯಾವುದು? ಸ್ಪಂಜು. ಸ್ಪಂಜಿನೊಳಗ ನೂರಕ್ಕ 93 ಒಂದು ಸಲಾನೂ ತೊಳದಿದ್ದಿಲ್ಲ. ನೂರಕ್ಕ 64 ನೆಲಕ್ಕ ಬಿದ್ದರೂ ಎತ್ತಿ ಮತ್ತ ಮಾರಿಗೆ ಹಚ್ಚಿದ್ದು. ಇವು ಒಬ್ಬೊಬ್ಬರು ಮನ್ಯಾಗ ಬಳಸಿದ ಸಾಮಾನು. ಇನ್ನ ಮದುವಿಯಿಂದ ಮದುವಿಗೆ ತಿರಗೂ ಸ್ಪಂಜಿನ ಗತಿ ನೀವಽ ವಿಚಾರ ಮಾಡ್ರಿ.

ಅಷ್ಟು ಓದೂದೂ ಬ್ಯಾಡ, ನಿಮ್ಮ ಅಡಗಿ ಮನಿ ಬಚ್ಚಲಿಗೆ ಹೋಗ್ರಿ. ಭಾಂಡೆ ತಿಕ್ಕೂ ಸ್ಪಂಜು ತಿಂಗಳಾದಮ್ಯಾಲೆ ಹೆಂಗ ನಾರ್ತದ? ದಿನಾ ಸಾಬಣಾ ಕಂಡರೂ ನಾರ್ತದ. ಯಾಕಂದ್ರ ಅದರ ಹೊಟ್ಟಿ ತುಂಬ ತೂತು, ಆ ತೂತಿನ್ಯಾಗ ನೀರು, ನೀರಿನ ಕೂಡ ಜಿಡ್ಡು. ಮಾರಿ ಸ್ಪಂಜಿನ ಕಥೀನೂ ಅದಽ. ಹಸಿ ಮಾಡೇ ಬಳಸೂದು ಅದನ್ನ. ಮ್ಯಾಲೆ ಕ್ರೀಮಿನ ಎಣ್ಣಿ, ಮಾರಿ ಬೆವರು, ಉದುರಿದ ಚರ್ಮ. ಅದನ್ನ ಹಂಗಽ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ ಝಿಪ್ ಎಳದ್ರ ಬೂಷ್ಟು ಬರದಽ ಏನ ಮಾಡೀತು?

ಸ್ಪಂಜಿನ ಮ್ಯಾಲೆ ನನಗ ಸಿಟ್ಟಿಲ್ಲ ಮತ್ತ. ಅದು ಜಾಣತನದ ಸಾಮಾನು. ಮೊದಲಿನ ಸ್ಪಂಜು ತ್ರಿಕೋನ ಇರ್ತಿದ್ವು, ಅವುಗಳ ಅಂಚಿನ ಗೆರಿ ಮಾರಿ ಮ್ಯಾಲೆ ಮೂಡತಿತ್ತು. ಅಮೇರಿಕಾದಾಗ ಸಿನೆಮಾ, ಟೀವಿಯವರಿಗೆ ಮೇಕಪ್ ಮಾಡ್ತಿದ್ದ ರಿಯಾ ಆನ್ ಸಿಲ್ವಾ ಅನ್ನೂ ಹೆಣ್ಣಮಗಳು ಅಂಚಽ ಇಲ್ಲದ ಈ ತತ್ತಿ ಸ್ಪಂಜು ಮಾಡಿ 2003ರಾಗ ಮಾರಲಿಕ್ಕೆ ತಂದ್ಲು. ಬ್ಯೂಟಿ ಬ್ಲೆಂಡರ್ ಅಂತ ಹೆಸರು. ಈಗ ಅಂಥಾವು ಬಜಾರದಾಗ ಸಾವಿರ ಬಂದಾವ. ಚೂಪ ತುದಿ ಮೂಗಿನ ಬಾಜೂಕ, ಕಣ್ಣಿನ ಕೆಳಗ. ದುಂಡಗಿನ ಕಡೆ ಗಲ್ಲಕ್ಕ, ಹಣಿಗೆ. ಹಸಿ ಮಾಡಿ ಗಟ್ಟಿ ಹಿಂಡಿ, ತಟಗೋತ ಹೋದ್ರ ಗೆರಿ ಇಲ್ಲದಽ ಹರಡ್ತದ. ಒಣಾದು ಬಳಸಿದ್ರ ಫೌಂಡೇಶನ್ ಎಲ್ಲಾ ತಾನಽ ಕುಡೀತದ, ಅದಕ್ಕ ಹಸಿ ಮಾಡೂದು. ಅದರ ಗುಣಾನೂ ಹಸಿ, ದೋಷಾನೂ ಹಸಿ. ಅಷ್ಟ ತಿಳಕೊಂಡ್ರ ಸಾಕು.

ಅದಕ್ಕ ಸ್ಪಂಜು ಬೇಕನ್ನಾಕಿ ತಂದು ಸ್ವಂತದ್ದು ಇಟ್ಟುಕೋಬೇಕು. ಹಚ್ಚಿಕೊಂಡಮ್ಯಾಲೆ ಅವತ್ತಽ ಸೌಮ್ಯ ಸಾಬಣ, ಇಲ್ಲಾ ಸಣ್ಣ ಮಕ್ಕಳ ಶಾಂಪೂ ಹಾಕಿ, ಹಿಂಡಿದ ನೀರು ತಿಳಿ ಆಗೂತನಕ ತೊಳೀಬೇಕು. ಗಾಳಿ ಆಡೂ ಜಾಗಾದಾಗ ಬಿಟ್ಟು ಪೂರಾ ಒಣಗಸಬೇಕು. ಮೂರು ತಿಂಗಳಿಗೊಮ್ಮೆ ಹೊಸಾದು. ಹರದ್ರ, ನಾತ ಬಂದ್ರ, ಕಪ್ಪು ಚುಕ್ಕಿ ಕಂಡ್ರ ಮೂರು ತಿಂಗಳದ ದಾರೀನೂ ನೋಡಬ್ಯಾಡ್ರಿ. "ಇನ್ನೂ ಗಟ್ಟಿ ಅದ ಅಲಾ" ಅಂತ ಜೋಪಾನ ಮಾಡೂ ಸಾಮಾನಲ್ಲ ಅದು. ನಾವು ಹಾಲಿನ ಪಾಕೀಟನ್ನೂ ತೊಳದು ಕಟ್ಟಿಡೋರು, ನಮಗಿದು ಕಷ್ಟ. ಆದ್ರೂ ಒಗೀಬೇಕು.

ಇಷ್ಟೆಲ್ಲಾ ಯಾರು ಮಾಡಬೇಕು ಅಂತೀರೇನು? ಹಂಗಂದ್ರ ನಿಮಗ ಬೆರಳು ಛಲೋ. ನನ್ನ ಲೆಕ್ಕದಾಗ ಮೊದಲನೇ ನಂಬರು ಬೆರಳಿಗೇ. ನಮ್ಮವ್ವ ಅಫ್ಘಾನ್ ಸ್ನೋ ಹಚ್ಚಿಕೋತಿದ್ಲು. ಮುಂಬಯಿಯೊಳಗ ಪಾಟಣವಾಲಾ ಅನ್ನೋರು 1919ರಾಗ ಶುರು ಮಾಡಿದ್ದು ಅದು, ನೀಲಿ ಬಾಟ್ಲಿ. ಹಣಿಗೆ ಒಂದು, ಮೂಗಿಗೆ ಒಂದು, ಗಲ್ಲಕ್ಕೊಂದೊಂದು, ಗದ್ದಕ್ಕೊಂದು, ಹಿಂಗ ಐದು ಚುಕ್ಕಿ ಇಟ್ಟು ನಡುವಿನ ಬೆರಳಿಲೆ ಹೊರಗ ಹೊರಗ ಹರಡತಿದ್ಲು. ಮ್ಯಾಲೆ ತೆಳ್ಳಗ ಪೌಡರು. ಕನ್ನಡಿ ಮುಂದ ಒಟ್ಟು ಎರಡು ಮಿನಿಟು. ಜಾತ್ರಿಯೊಳಗ ನಾಟಕದವರು ಪರದೆ ಹಿಂದ ಬಣ್ಣ ಹಚ್ಚಿಕೊಳ್ಳೂದನ್ನ ನಾವು ಹುಡುಗೂರು ಸಂದ್ಯಾಗಿಂದ ಹಣಿಕಿ ಹಾಕಿ ನೋಡ್ತಿದ್ವಿ. ಅವರೂ ಬೆರಳಿಲೇ ಹಚ್ಚಿಕೋತಿದ್ರು. ರಾತ್ರಿ ಇಡೀ ಉಳೀತಿತ್ತು ಬಣ್ಣ.

ಬೆರಳಿನ ಗುಣ ಏನಂದ್ರ, ಅದು ಬೆಚ್ಚಗಿರ್ತದ. ಆ ಶಾಖಕ್ಕ ಕ್ರೀಮು ಇಳಿದು ಚರ್ಮದ ಕೂಡ ಬೆರೀತದ. ಬೆರಳು ಫೌಂಡೇಶನ್ ಕುಡಿಯೂದಿಲ್ಲ, ಹಿಂಗಾಗಿ ಕಡ್ಲಿಕಾಳಿನಷ್ಟು ತೊಗೊಂಡ್ರ ನಡೀತದ. ಗುಳ್ಳಿ ಎಲ್ಲೆ ಅದ, ಒಣಾ ಚರ್ಮ ಎಲ್ಲೆ ಅದ ಬೆರಳಿಗೇ ತಿಳೀತದ. ರೊಕ್ಕ ಇಲ್ಲ. ಎಲ್ಲಾದಕ್ಕಿಂತ ದೊಡ್ಡದು, ಸಾಬಣಾ ಹಚ್ಚಿ ತೊಳದು ಎರಡು ಮಿನಿಟಿಗೆ ಒಣಗಿಸಿಕೊಳ್ಳೂ ಸಾಮಾನು ಅದೊಂದಽ. ನೀರಿನಂಥಾ ಫೌಂಡೇಶನ್ನಿಗೂ, ಕ್ರೀಮಿಗೂ ಅದು ನಡೀತದ. ಪೌಡರಿಗೆ ನಡೀಯೂದಿಲ್ಲ.

ದೋಷ ಇಲ್ಲಂತಲ್ಲ. ಉಗುರು ಉದ್ದ ಇದ್ರ ಅದರ ಸಂದ್ಯಾಗಿನ ಹೊಲಸು ಮಾರಿಗೇ ಬರ್ತದ. ತಿಕ್ಕಿದ್ರ ಗೆರಿ ಮೂಡ್ತಾವ, ಅದಕ್ಕ ತಿಕ್ಕದಽ ತಟಗೋತ ಹಚ್ಚಬೇಕು. ಫೋಟೋದ ದೀಪದ ಮುಂದ ನಿಲ್ಲೂ ಮದುಮಗಳಿಗೆ ಬೆರಳೊಂದಽ ಸಾಲೂದಿಲ್ಲ ಅಂದ್ರ ನಾ ಒಪ್ಪತೇನಿ. ಬೆರಳಿಲೆ ಹರಡಿ ಮ್ಯಾಲೆ ತಂದಽ ಸ್ಪಂಜಿಲೆ ತಟ್ಟಿದ್ರಾತು. ಅರಿಷಿಣ ಕುಂಕುಮಕ್ಕ, ನಾಗಪಂಚಮಿಗೆ, ಬ್ಯಾಂಕಿಗೆ, ಬಸ್ ಸ್ಟ್ಯಾಂಡಿಗೆ ಹೋಗೂ ನಮ್ಮಂಥಾವರಿಗೆ ಬೆರಳು ಸಾಲೂದಿಲ್ಲ ಅಂದವರು ಯಾರು?

ಅಂದವರು ಮಾರೋರು. ಈಗ ಬ್ರಶ್ಶಿನ ಕಡೆ ಬರ್ತೇನಿ. ನನ್ನ ಮಗಳು ಹನ್ನೆರಡು ಬ್ರಶ್ಶಿನ ಒಂದು ಸೆಟ್ ತರಿಸಿದ್ಲು. ಸೀರಿ ಪದರಿನಂಗ ಮಡಚೂ ಚೀಲ, ಅದರಾಗ ಸಾಲಾಗಿ ಹನ್ನೆರಡು ಬ್ರಶ್ಶು, ಹಿಡಿಕಿಗೆ ಬಂಗಾರದ ಬಣ್ಣ. ನೋಡಿದ್ರ ಕಣ್ಣು ತುಂಬಬೇಕು. ಎರಡು ವರ್ಷದಾಗ ಆಕಿ ಬಳಸಿದ್ದು ಎರಡು. ಒಂದನ್ನ ನಮ್ಮ ಯಜಮಾನ್ರು ಗಣಪತಿ ಮಂಟಪಕ್ಕ ಬಣ್ಣ ಹಚ್ಚಲಿಕ್ಕೆ ತೊಗೊಂಡ್ರು. ಅದರ ಕೂದಲು ಉದುರಿ ಮಂಟಪಕ್ಕ ಅಂಟಿಕೊಂಡ್ವು. ಅದಽ ಬ್ರಶ್ಶು ಹುಡುಗಿ ಕಣ್ಣಿನ ಬಾಜೂಕ ಆಡತಿತ್ತು ಅಂತ ನೆನಸಿದ್ರ ಈಗೂ ಎದಿ ಝಲ್ ಅಂತದ.

ಸೆಟ್ ತೊಗೋಬ್ಯಾಡ್ರಿ. ಫೌಂಡೇಶನ್ನಿಗೆ ಬೇಕಾದ್ದು ಒಂದು ಬ್ರಶ್ಶು, ಮ್ಯಾಲೆ ಪೌಡರಿಗೆ ಇನ್ನೊಂದು. ಮೊದಲನೇದು ಒತ್ತಾದ ಕೂದಲಿಂದು, ತಲಿ ಸಪಾಟ ಇಲ್ಲಾ ಸ್ವಲ್ಪ ದುಂಡಗ ಇರಬೇಕು. ಕೂದಲು ಸಿಂಥೆಟಿಕ್ ಇರಬೇಕು. ಆಡಿನ ಕೂದಲು, ಅಳಿಲಿನ ಕೂದಲು ಅಂತ ಹೇಳಿ ಜಾಸ್ತಿ ರೊಕ್ಕ ತೊಗೋತಾರ. ಅವು ಪೌಡರಿಗೆ ಛಂದ, ನೀರಿನಂಥಾ ಫೌಂಡೇಶನ್ನಿಗೆ ಅಲ್ಲ. ಪ್ರಾಣಿ ಕೂದಲು ಕ್ರೀಮು ಹೀರಿಕೋತದ, ತೊಳೀಲಿಕ್ಕೂ ತ್ರಾಸು. ಎರಡನೇದು ಜೊಳ್ಳಾಗಿ ಅರಳಿದ ಕೂದಲಿಂದು. ಅಂಗಡ್ಯಾಗ ಮುಂಗೈ ಮ್ಯಾಲೆ ಹತ್ತು ಸಲ ಆಡಿಸಿ ನೋಡ್ರಿ. ಚುಚ್ಚಿದ್ರ ಬ್ಯಾಡ, ಒಂದು ಕೂದಲು ಉದುರಿದ್ರೂ ಬ್ಯಾಡ. ಹಿಡಿಕಿ ಹಿಡದು ಅಲ್ಲಾಡಸ್ರಿ, ಕೂದಲು ಹಿಡದ ತಗಡು ಲಟಪಟ ಅಂದ್ರ ಬ್ಯಾಡ. ಹೊಸಾ ರೊಟ್ಟಿ ಹಂಚು ತೊಗೊಳ್ಳೂವಾಗ ಬಡದು ನೋಡೂದಿಲ್ಲೇನು ನಾವು? ಹಂಗಽ.

ಬ್ರಶ್ಶು ಹತ್ತು ದಿವಸಕ್ಕೊಮ್ಮೆ ಆದ್ರೂ ತೊಳೀಬೇಕು. ಅಮೇರಿಕಾದ ಚರ್ಮದ ಡಾಕ್ಟರುಗಳ ಸಂಘ 7ರಿಂದ 10 ದಿವಸಕ್ಕೊಮ್ಮೆ ಅಂತ ಹೇಳ್ತದ. ಉಗುರ ಬೆಚ್ಚಗಿನ ನೀರು, ಶಾಂಪೂ, ಕೂದಲಿನ ತುದಿ ಅಷ್ಟಽ ತೋಯಿಸಬೇಕು. ತಗಡಿನೊಳಗ ನೀರು ಹೊಕ್ಕರ ಅಂಟು ಬಿಟ್ಟು ಕೂದಲು ಉದರ್ತಾವ. ಒಣಗಸೂವಾಗ ನೆಟ್ಟಗ ಲೋಟಾದಾಗ ನಿಲ್ಲಸಬ್ಯಾಡ್ರಿ, ನೀರು ಬುಡಕ್ಕ ಇಳೀತದ. ಅಡ್ಡಡ್ಡ ಮಲಗಿಸಿ, ಕೂದಲು ಕಟ್ಟಿ ಅಂಚಿನ ಹೊರಗ ಬರೂಹಂಗ ಇಡ್ರಿ. 2016ರ ಸುಮಾರಿಗೆ ಸಿಲಿಕೋನಿನ ಸ್ಪಂಜು ಅಂತ ಒಂದು ಬಂತು, ಪಾರದರ್ಶಕ, ಜಾರೂ ಅಂಥಾದ್ದು. ಹೀರಿಕೊಳ್ಳೂದಿಲ್ಲ, ಒರಸಿದ್ರ ಸ್ವಚ್ಛ ಆಗ್ತದ ಖರೆ. ಆದ್ರ ಅದು ಹರಡೂದು ಬಿಟ್ಟು ಬಳೀತದ, ಗಿಲಾವ ಮಾಡಿದಂಗ. ಅದಕ್ಕಿಂತ ಬೆರಳು ಪಾಡು.

ಇನ್ನ ನಮ್ಮೊಳಗಿನ ಇನ್ನೊಂದು ಪಾರ್ಟಿ ಅದ. "ಯಾಕ ಬೇಕ್ರಿ ಇದೆಲ್ಲಾ? ನಾವೇನು ಹಚ್ಚಿಕೊಂಡಿದ್ವಿ? ಅರಿಷಿಣ ಹಚ್ಚಿಕೊಂಡ್ರ ಸಾಕಾಗೂದಿಲ್ಲೇನು?" ಅನ್ನೋರು. ನಮ್ಮ ದೊಡ್ಡ ವೈನಿ ಇದರ ಅಧ್ಯಕ್ಷರು, ಅವರು ಓದೇ ಓದ್ತಾರಂತ ಗೊತ್ತಿದ್ದಽ ಬರೀಲಿಕತ್ತೇನಿ. ವೈನಿ, ನಿಮ್ಮ ಅರಿಷಿಣಕ್ಕ ನನ್ನ ನಮಸ್ಕಾರ. ಆದ್ರ ಹುಡುಗೂರು ಹಚ್ಚಿಕೋತಾವ. ನೀವು ನಕ್ಕರೂ ಹಚ್ಚಿಕೋತಾವ, ಬೈದರೂ ಹಚ್ಚಿಕೋತಾವ. ನಾವು ಹಂಗ್ಸಿದಷ್ಟೂ ಅವು ಮನ್ಯಾಗ ಸಾಮಾನು ಇಟ್ಟುಕೊಳ್ಳೂದು ಬಿಟ್ಟು ಕಾಲೇಜಿನ ಬಚ್ಚಲದಾಗ, ಹಾಸ್ಟೆಲ್ಲಿನಾಗ ಗೆಳತಿದು ಇಸಗೊಂಡು ಹಚ್ಚಿಕೋತಾವ. ಐದು ಹುಡುಗ್ಯಾರಿಗೆ ಒಂದು ಸ್ಪಂಜು, ಅದು ಒಂದು ಪುಸ್ತಕದ ಚೀಲದ ತಳದಾಗ. ಮುಚ್ಚಿಟ್ಟ ಸ್ಪಂಜು ಒಣಗೂದು ಹೆಂಗ? ಮುಟ್ಟಿನ ಅರಿವಿ ಮುಚ್ಚಿ ಮುಚ್ಚಿ ನೆಳ್ಳಾಗ ಒಣಗಿಸಿ ನಾವು ಏನೇನು ಅನುಭವಿಸೀವಿ ಅನ್ನೂದು ನಮಗ ಮರತದ ಏನು? ಬಿಸಿಲಿಗೆ ಹಾಕಲಿಕ್ಕೆ ನಾಚಿಕಿ, ಅದರಿಂದ ಜಡ್ಡು. ಅದಽ ನಾಚಿಕೀನ ನಮ್ಮ ಹುಡುಗ್ಯಾರಿಗೆ ಸ್ಪಂಜಿನ ರೂಪದಾಗ ಕೊಡೂದು ಬ್ಯಾಡ. ಹುಡುಗಿ ಸ್ಪಂಜು ಕಿಡಕ್ಯಾಗ ಒಣಗಲಿ, ಎಲ್ಲಾರಿಗೂ ಕಾಣಲಿ.

ಮೇಕಪ್ ಮಾಡೂ ಹೆಣ್ಣಮಗಳನ್ನ ಬೈಯೂದೂ ನನಗ ಬೇಕಾಗಿಲ್ಲ. ಆಕಿ ರಾತ್ರಿ ಎರಡಕ್ಕ ಎದ್ದು ದುಡಿಯಾಕಿ. ಛಲೋ ಮುಹೂರ್ತದ ದಿವಸ ಮೂರು ನಾಲ್ಕು ಮದುಮಗಳ್ಯಾರು ಇರ್ತಾರ. ತೊಳದ ಸ್ಪಂಜು ಪೂರಾ ಒಣಗಲಿಕ್ಕೆ ತಾಸುಗಟ್ಟಲೆ ಹೊತ್ತು ಬೇಕು. ಹಂಗಂದಮ್ಯಾಲೆ ಮದುವಿ ನಡುವ ಆಕಿ ತೊಳೀತಾಳ ಅನ್ನೂದಽ ಸುಳ್ಳು. ಅದಕ್ಕ ತೊಳೀರಿ ಅಂತ ಜಗಳಾಡಿ ಉಪಯೋಗಿಲ್ಲ, ಎಷ್ಟು ಸ್ಪಂಜು ತಂದೀರಿ ಅಂತ ಲೆಕ್ಕಾ ಕೇಳಬೇಕು. ಹತ್ತು ಮಾರಿ ಇದ್ರ ಹತ್ತು ಸ್ಪಂಜು. ಒಮ್ಮೆ ಹಚ್ಚಿ ಒಗಿಯೂ ತ್ರಿಕೋನದ ಸಣ್ಣ ಸ್ಪಂಜು ಕಟ್ಟಿನ್ಯಾಗ ಸಿಗ್ತಾವ, ಅವೂ ನಡೀತಾವ. ಕೆಲಸಾ ಕಲಿತವರು ಬಾಟ್ಲ್ಯಾಗ ಬ್ರಶ್ಶು ಅದ್ದೂದಿಲ್ಲ. ಫೌಂಡೇಶನ್ ಒಂದು ತಗಡಿನ ಮ್ಯಾಲೆ ತಗದುಕೊಂಡು ಅಲ್ಲಿಂದ ಹಚ್ಚತಾರ. ಉಪ್ಪಿನಕಾಯಿನ ಭರಣಿಯಿಂದ ವಾಟಗಾಕ್ಕ ತಗದು ಬಡಸೂಹಂಗ. ನಿಮ್ಮ ಮುಂದ ಯಾರರೆ ಬಾಟ್ಲಿ ಬಾಯಿಗೇ ಸ್ಪಂಜು ಒತ್ತಿದ್ರ ಆ ಬಾಟ್ಲಿನೂ ಆಗಽ ಎಲ್ಲಾರದೂ ಆತು ಅಂತ ತಿಳೀರಿ.

ಹೆಚ್ಚಿನ ಸ್ಪಂಜಿನ ರೊಕ್ಕ ಯಾರು ಕೊಡಬೇಕು? ನಾವಽ ಕೊಡಬೇಕು. ಮದುವ್ಯಾಗ ಸ್ಟೇಜಿನ ಹೂವಿಗೆ ಎಷ್ಟು, ಡ್ರೋನಿನ ಫೋಟೋಕ್ಕ ಎಷ್ಟು ಅಂತ ಎಲ್ಲಾರಿಗೂ ಗೊತ್ತದ. ಹುಡುಗಿ ಮಾರಿಗೆ ಮುಟ್ಟೂ ಸಾಮಾನಿಗೆ ಚೌಕಾಶಿ ಮಾಡಿದ್ರ ಹೆಂಗ? ಕರಾರು ಮಾಡೂವಾಗಽ ಹೇಳ್ರಿ, "ಸ್ಪಂಜು ಬ್ರಶ್ಶು ನಮ್ಮವು, ನೀವು ಕೈ ತೊಳಕೊಂಡು ಹಚ್ಚರಿ." ಮದುವಿ ದಿವಸ ಹೇಳಿದ್ರ ಅದು ತಕರಾರು ಆಗ್ತದ, ತಿಂಗಳು ಮೊದಲ ಹೇಳಿದ್ರ ಬರೇ ಮಾತು.

ನಾನೀಗ ಒಂದು ಡಬ್ಬಿ ಮಾಡೇನಿ. ಗಾಳಿ ಆಡಲಿ ಅಂತ ಮುಚ್ಚಳಕ್ಕ ನಾಲ್ಕು ತೂತು ಹೊಡದೇನಿ. ಒಳಗ ಒಂದು ಹೊಸಾ ಸ್ಪಂಜು, ಎರಡು ಬ್ರಶ್ಶು, ಫೌಂಡೇಶನ್ ತಗದುಕೊಳ್ಳಲಿಕ್ಕೆ ಸ್ಟೀಲಿನ ಸಣ್ಣ ತಾಟಲಿ, ಸಣ್ಣ ಚಮಚಾ, ಒಗದ ಕರ್ಚೀಫು. ಹುಡುಗಿ ಸ್ವಂತದ ಕಾಡಗಿ, ಲಿಪ್‌ಸ್ಟಿಕ್ಕಿಗೂ ಅದರಾಗ ಜಾಗಾ ಅದ. ಕಣ್ಣು ತುಟಿ ಮಾರಿಗಿಂತ ನಾಜೂಕು. ಮದುವಿ ಆಗೂ ಹುಡುಗಿಗೆ ಬೆಳ್ಳಿ ಅರಿಷಿಣ ಕುಂಕುಮದ ಬಟ್ಟಲಾ ಕೊಡ್ತೀವಲ್ಲ, ಅದರ ಕೂಡ ಇದನ್ನೂ ಕೊಡ್ರಿ.

ಮಾರ್ಗಶಿರದಾಗ ನಮ್ಮ ಮೈದುನನ ಮಗಳ ಮದುವಿಗೆ ಈ ಡಬ್ಬಿ ಹಿಡಕೊಂಡು ಹೋದೆ. ಹೆದರಿಕಿ ಇತ್ತು, ಸುಳ್ಳ ಯಾಕ ಹೇಳಲಿ. ಡಬ್ಬಿ ತಗದು ಮೇಕಪ್ ಮಾಡಾಕಿ ಮುಂದ ಇಟ್ಟೆ, "ಮದುಮಗಳಿಗೆ ಇದಽ ಹಚ್ಚವಾ" ಅಂದೆ. ಖೋಲಿ ತುಂಬ ನಗಿ. "ಕಾಕು ಮಡಿ ಸ್ಪಂಜ ತಂದಾಳ" ಅಂದ್ಲು ಒಬ್ಬಾಕಿ. ಮೇಕಪ್ ಮಾಡಾಕಿ ನನ್ನ ಮಾರಿ ನೋಡಿದ್ಲು, ಡಬ್ಬಿ ನೋಡಿದ್ಲು. "ಛಲೋ ಆತ್ರಿ, ನಂದೊಂದ ಉಳೀತು" ಅಂದು ಸುಮ್ಮನ ಕೆಲಸಾ ಶುರು ಮಾಡಿದ್ಲು. ನಾ ಎಂಟು ತಿಂಗಳು ಅಂಜಿದ್ದ ಮಾತು ಅಷ್ಟರಾಗ ಮುಗೀತು.

ಸ್ವಲ್ಪ ಹೊತ್ತಿಗೆ ಬೀಗರ ಕಡೆಯ ಒಬ್ಬ ಹಿರೇ ಹೆಣ್ಣಮಗಳು ನನ್ನ ಬಾಜೂಕ ಬಂದು ಕಿವ್ಯಾಗ ಕೇಳಿದ್ರು: "ಅಂಥಾದ್ದು ಇನ್ನೊಂದ ಅದ ಏನ್ರಿ?"

ಇದ್ದಿದ್ದಿಲ್ಲ. ಅವತ್ತಿನಿಂದ ಡಬ್ಬ್ಯಾಗ ಎರಡು ಹೊಸಾವು ಜಾಸ್ತಿ ಇಟ್ಟಕೊಂಡಿರ್ತೇನಿ. ಮುಂದಿನ ಮದುವ್ಯಾಗ ಸಿಕ್ಕಾಗ ಸಂಕೋಚ ಮಾಡದಽ ಕೇಳ್ರಿ, ಕೊಡ್ತೇನಿ. ತಿರಗಿ ಮಾತ್ರ ಕೊಡಬ್ಯಾಡ್ರಿ.